ಅಜ್ಜಿ ಬದುಕು ಬರೆದಿಡೋದು ಹೇಗೆ, ನಾವು ಮಾಡಿದ್ದು ಹೀಗೆ

ನಮ್ಮ ಅಜ್ಜಿ ತೊಂಬತ್ತು ದಾಟಿ ಹೋದ್ರು ಮಾರಾಯ್ರೆ, ಬೊಜ್ಜಕ್ಕೆ (ಅಂದ್ರೆ ಉತ್ತರಕ್ರಿಯೆಗೆ) ಎಲ್ಲ ಸೇರಿದಾಗ ಅಮ್ಮ, ದೊಡ್ಡಮ್ಮ, ಮಾವ ಎಲ್ಲರೂ ಒಂದೊಂದು ಕಥೆ ಹೇಳ್ತಾ ಇದ್ರು, ಆಗ್ಲೇ ಮೊಬೈಲ್ ರೆಕಾರ್ಡರ್ ಆನ್ ಮಾಡಿ ಮಧ್ಯದಲ್ಲಿ ಇಟ್ಬಿಡಿ. ಅಷ್ಟು ಜನ ಮತ್ತೆ ಒಟ್ಟಿಗೆ ಸಿಗೋದು ಕಷ್ಟ ಉಂಟು.

ದೊಡ್ಡ ತಲೆನೋವು ಇಸವಿ. ಹಳಬರಿಗೆ ಬರ್ತ್ ಸರ್ಟಿಫಿಕೇಟ್ ಎಲ್ಲಿಂದ? ಉಡುಪಿ ಕಡೆಯವರಾದ್ರೆ "ಆಗ ಯಾವ ಮಠದ ಪರ್ಯಾಯ?" ಅಂತ ಕೇಳಿ. ಪರ್ಯಾಯ ಅಂದ್ರೆ ಉಡುಪಿ ಕೃಷ್ಣನ ಪೂಜೆ ಮಾಡೋ ಸರದಿ. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ, 16 ವರ್ಷಕ್ಕೆ ಒಂದು ಸುತ್ತು, ಹಾಗಾಗಿ ಮಠದ ಹೆಸರು ಸಿಕ್ರೆ ಲೆಕ್ಕ ಹಾಕ್ಬಹುದು, ಯಾವ ಸುತ್ತು ಅಂತ ಮಾತ್ರ ಬೇರೆ ಘಟನೆಯಿಂದ ಹಿಡೀಬೇಕು. ನೇತ್ರಾವತಿ ಕಡೆಯವರಿಗೆ 1923ರ ನೆರೆ, 1974ರ ನೆರೆ ಗುರುತು. 1956ರ ನವೆಂಬರ್ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತಲ್ಲ, ಹಳೇ ದಾಖಲೆಯಲ್ಲಿ ಸೌತ್ ಕೆನರಾ ಅಂತ ಇದ್ರೆ ಗಾಬರಿ ಬೇಡ. ಉಡುಪಿ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಗೇಣಿ ಮನೆಯವರಾದ್ರೆ 1974ರ ಭೂಸುಧಾರಣೆ ಬಗ್ಗೆ ಕೇಳ್ಲೇಬೇಕು, ಜಾಗ ಸಿಕ್ಕಿದ್ದೋ ಹೋದದ್ದೋ, ಅಲ್ಲಿಂದ ಬದುಕೇ ಬೇರೆ ಆಗಿರುತ್ತೆ.

ಫೋಟೋ ಸ್ಕ್ಯಾನ್ ಮಾಡಿ, ಹಿಂದೆ ಪೆನ್ಸಿಲಲ್ಲಿ ಹೆಸರು ಬರೀರಿ, ಪೆನ್ ಬೇಡ, ಇಂಕ್ ಮುಂದಕ್ಕೆ ಬರುತ್ತೆ.

ಅಡುಗೆ ಬಿಡಬೇಡಿ. ಅಜ್ಜಿ ಪತ್ರೊಡೆಗೆ ಹುಳಿ ಎಷ್ಟು ಅಂದ್ರೆ "ಕೈಗೆ ಬಂದಷ್ಟು" ಅಂತಿದ್ರು, ನಾವು ದೊಡ್ಡಮ್ಮನ ಕೈಯಲ್ಲಿ ಹುಣಸೆ ಉಂಡೆ ಮಾಡಿಸಿ ತಕ್ಕಡಿಗೆ ಹಾಕಿದ್ವಿ. ತುಳುವಲ್ಲಿ ಹೇಳಿದ್ದನ್ನ ತುಳುವಲ್ಲೇ ಬರೀರಿ, ಬೈಗುಳ ಸಮೇತ.