ಪ್ಯಾಲೆಟ್ ಕೊಳ್ಳುವ ಮೊದಲು ಗೇಟಿನ ಲೆಕ್ಕ ನೋಡಿ

ಪ್ಯಾಲೆಟ್, ಅಂದರೆ ಮಾಲು ಜೋಡಿಸಿ ಫೋರ್ಕ್‌ಲಿಫ್ಟ್‌ನಲ್ಲಿ ಎತ್ತುವ ಮಣೆ, ಬೇಕು ಅಂದಾಗ ಬಹಳಷ್ಟು ಗೋಡೌನ್‌ಗಳಲ್ಲಿ ಆಗುವುದು ಇಷ್ಟೇ: ಮೂರು ಕಡೆಯಿಂದ ಕೊಟೇಶನ್ ತರಿಸುತ್ತಾರೆ, ಯಾರ ರೇಟು ಕಡಿಮೆಯೋ ಅವರಿಗೆ ಪಿಒ (ಖರೀದಿ ಆರ್ಡರ್) ಕೊಡುತ್ತಾರೆ. ದುಡ್ಡು ಸೋರುವುದು ಅಲ್ಲಿಂದಲೇ ಶುರು. ಒಂದು ಪ್ಯಾಲೆಟ್‌ಗೆ ಎಷ್ಟು ಎಂದು ಕೇಳುವ ಮೊದಲು ಒಂದು ಟ್ರಿಪ್‌ಗೆ, ಅಂದರೆ ಒಂದು ಸಲ ಮಾಲು ಹೊತ್ತು ಹೋಗಿ ಬರಲು, ಎಷ್ಟು ಬೀಳುತ್ತದೆ ಎಂದು ಕೇಳಬೇಕು. ಅದಕ್ಕೆ ಉತ್ತರ ಸಪ್ಲೈಯರ್ ಹತ್ತಿರ ಇಲ್ಲ, ನಿಮ್ಮ ಗೇಟಿನ ರಿಜಿಸ್ಟರ್‌ನಲ್ಲಿದೆ.

ಲೆಕ್ಕಕ್ಕೆಂದು ಕೆಲವು ರೇಟು ಹಿಡಿದುಕೊಳ್ಳೋಣ. ನಿಮ್ಮ ಊರಿನ ರೇಟು ಹಾಕಿ ಮತ್ತೊಮ್ಮೆ ಮಾಡಿ. 450 ರೂಪಾಯಿಯ ಹಗುರ ಕಾಡುಮರದ ಪ್ಯಾಲೆಟ್ 6 ಟ್ರಿಪ್ ಬಾಳುತ್ತದೆ. 900 ರೂಪಾಯಿಯ ಗಟ್ಟಿ ಪ್ಯಾಲೆಟ್ 30 ಟ್ರಿಪ್ ಬಾಳುತ್ತದೆ, ನಡುವೆ 60 ರೂಪಾಯಿಯಂತೆ ಮೂರು ಸಲ ರಿಪೇರಿ. ಎಲ್ಲವೂ ವಾಪಸ್ ಬಂದರೆ ಮೊದಲನೆಯದಕ್ಕೆ ಟ್ರಿಪ್‌ಗೆ 75 ರೂಪಾಯಿ, ಎರಡನೆಯದಕ್ಕೆ 36. ಇಲ್ಲಿಯವರೆಗೆ ಗಟ್ಟಿಯದೇ ಗೆದ್ದಂತೆ.

ಆದರೆ ಪ್ರತಿ ಟ್ರಿಪ್‌ಗೆ 100ರಲ್ಲಿ 10 ವಾಪಸ್ ಬರುವುದಿಲ್ಲ ಅನ್ನಿ. ಆಗ 30 ಟ್ರಿಪ್ ಬಾಳಬೇಕಾದ ಪ್ಯಾಲೆಟ್ ಸರಾಸರಿ 10 ಟ್ರಿಪ್ ಮುಗಿಸುವ ಮೊದಲೇ ಕೈಬಿಟ್ಟು ಹೋಗಿರುತ್ತದೆ. ಎರಡರ ಖರ್ಚೂ ಟ್ರಿಪ್‌ಗೆ 95ರಿಂದ 100 ರೂಪಾಯಿಗೆ ಬಂದು ನಿಲ್ಲುತ್ತದೆ. ಗಟ್ಟಿಮರಕ್ಕೆ ಕೊಟ್ಟ ಹೆಚ್ಚಿನ ಹಣ ನೀರುಪಾಲು. ಅದೇ ನಷ್ಟವನ್ನು 100ಕ್ಕೆ 2ಕ್ಕೆ ಇಳಿಸಿದರೆ ಗಟ್ಟಿಯದು ಟ್ರಿಪ್‌ಗೆ 45, ಹಗುರದ್ದು 79. ಇನ್ನು 2,500 ರೂಪಾಯಿಯ ಪ್ಲಾಸ್ಟಿಕ್ ಪ್ಯಾಲೆಟ್‌ನ್ನು 10ರಷ್ಟು ನಷ್ಟವಿರುವ ದಾರಿಗೆ ಬಿಟ್ಟರೆ ಟ್ರಿಪ್‌ಗೆ 250 ರೂಪಾಯಿ ಬೀಳುತ್ತದೆ, ಅದು ನೂರು ಟ್ರಿಪ್ ಬಾಳುವ ಮಾಲಾದರೂ ಅಷ್ಟೇ.

ಹಾಗಾಗಿ ಮೊದಲ ಕೆಲಸ ಗೇಟಿನದು.

ಪ್ರತಿ ಪ್ಯಾಲೆಟ್‌ಗೂ ಸ್ಟೆನ್ಸಿಲ್ ಇಟ್ಟು ಪೇಂಟ್‌ನಲ್ಲಿ ನಂಬರ್ ಹಾಕಿ: ಕೊಂಡ ತಿಂಗಳು-ವರ್ಷ, ಆಮೇಲೆ ಕ್ರಮಸಂಖ್ಯೆ. ಓರೆಯಾಗಿ ಎದುರುಬದುರಿರುವ ಎರಡು ಮೂಲೆ ಬ್ಲಾಕ್‌ಗಳ (ಮೇಲಿನ, ಕೆಳಗಿನ ಹಲಗೆಗಳ ನಡುವಿನ ಮರದ ತುಂಡುಗಳ) ಮೇಲೆ ಹಾಕಿದರೆ ಯಾವ ಕಡೆಯಿಂದ ನಿಂತರೂ ಒಂದಾದರೂ ಕಾಣುತ್ತದೆ. ಮೇಲಿನ ಹಲಗೆಗೆ ಹಾಕಬೇಡಿ. ಮೊದಲು ಮುರಿಯುವುದು, ಬದಲಾಗುವುದು ಅದೇ. ಹೊರಗೆ ಹೋಗುವ ಪ್ಯಾಲೆಟ್‌ಗಳು ಮಾಲಿನ ಇನ್ವಾಯ್ಸ್ ಜೊತೆಗೇ ಆರ್‌ಜಿಪಿ, ಅಂದರೆ ರಿಟರ್ನಬಲ್ ಗೇಟ್ ಪಾಸ್ ಮೇಲೆ ಹೋಗಲಿ. ಅದರ ಒಂದು ಪ್ರತಿಗೆ ಮಾಲು ಇಳಿಸಿಕೊಂಡವರ ಸಹಿ, ಸೀಲು ಬೇಕೇ ಬೇಕು. ಡ್ರೈವರ್ ಬಾಯಲ್ಲಿ ಹೇಳಿದ ಲೆಕ್ಕ ಆಮೇಲೆ ಯಾರ ಮುಂದೆಯೂ ನಿಲ್ಲುವುದಿಲ್ಲ. ತಿಂಗಳ ಕೊನೆಗೆ ಪಾರ್ಟಿವಾರು ಬಾಕಿ ತೆಗೆಯಿರಿ: ಹಿಂದಿನ ಬಾಕಿ, ಹೋದದ್ದು, ಬಂದದ್ದು, ಉಳಿದದ್ದು. ಆ ಬಾಕಿಗೆ ಪಾರ್ಟಿಯಿಂದ ಮೇಲ್‌ನಲ್ಲಿ ಒಪ್ಪಿಗೆ ತರಿಸಿ. ಇಷ್ಟು ದಿನ ದಾಟಿದರೆ ಬಿಲ್ ಮಾಡುತ್ತೇವೆ ಎಂಬ ಮಾತು ಒಪ್ಪಂದದಲ್ಲೇ ಇರಲಿ. 45 ದಿನ ಅಂತಿದ್ದರೆ 46ನೇ ದಿನ ಬಿಲ್ ಹೋಗಲಿ. ಒಂದು ಸಲ ಬಿಲ್ ಹೋದ ಪಾರ್ಟಿಯ ಯಾರ್ಡಿನಲ್ಲಿ ಪ್ಯಾಲೆಟ್ ಹುಡುಕುವ ಕೆಲಸ ತಾನಾಗಿ ಶುರುವಾಗುತ್ತದೆ.

ಒಂದಕ್ಕೊಂದು ಬದಲಿ ಪದ್ಧತಿ ಇದ್ದರೆ, ಅಂದರೆ ತುಂಬಿದ್ದು ಕೊಟ್ಟು ಅದೇ ಲಾರಿಯಲ್ಲಿ ಅಷ್ಟೇ ಖಾಲಿ ತರುವುದು, ಸಾಗಣೆ ಖರ್ಚು ಉಳಿಯುತ್ತದೆ. ಆದರೆ ಒಳ್ಳೆಯದು ಕೊಟ್ಟು ಮುರುಕಲು ತರುವ ಅಪಾಯ ಇದರಲ್ಲಿ ಹೆಚ್ಚು. ಎಣಿಸುವ ಜೊತೆಗೆ ತಿರುಗಿಸಿ ನೋಡುವ ಒಬ್ಬರು ಗೇಟಲ್ಲಿ ಬೇಕು.

ಎಷ್ಟು ಕೊಳ್ಳಬೇಕು ಎಂಬುದೂ ಇದೇ ರಿಜಿಸ್ಟರ್‌ನಿಂದ ಬರುತ್ತದೆ. ದಿನಕ್ಕೆ 40 ಪ್ಯಾಲೆಟ್ ಹೊರಗೆ ಹೋಗಿ, ಹೋದದ್ದು ತಿರುಗಿ ಬರಲು 9 ದಿನ ಬೇಕಾದರೆ ಹೊರಗೇ 360 ಇರುತ್ತವೆ. ಒಳಗೆ ಸ್ಟಾಕ್ ಹೊತ್ತು ನಿಂತದ್ದು 600 ಅನ್ನಿ. ರಿಪೇರಿಯಲ್ಲಿರುವುದಕ್ಕೆ ನೂರಕ್ಕೆ 5ರಂತೆ 48. ಒಟ್ಟು 1,008. ತಿರುಗಿ ಬರುವ ದಿನ 9ರಿಂದ 6ಕ್ಕೆ ಇಳಿದರೆ 120 ಪ್ಯಾಲೆಟ್ ಕೊಳ್ಳುವುದೇ ತಪ್ಪುತ್ತದೆ. 900ರ ರೇಟಿಗೆ ಅದು 1,08,000 ರೂಪಾಯಿ. ಸಪ್ಲೈಯರ್ ಜೊತೆ ಪ್ಯಾಲೆಟ್‌ಗೆ 20 ರೂಪಾಯಿ ಚೌಕಾಸಿ ಮಾಡಿ ಇಷ್ಟು ಉಳಿಸಲು ಆಗುವುದಿಲ್ಲ. ದಸರಾ, ದೀಪಾವಳಿಯ ಒಂದೆರಡು ತಿಂಗಳ ಏರಿಕೆಗೆಂದು ಸ್ವಂತದ್ದು ಕೊಳ್ಳಬೇಡಿ. ಲೀಪ್ ಇಂಡಿಯಾದಂಥ ಪೂಲಿಂಗ್ ಕಂಪನಿಗಳಿಂದ, ಅಂದರೆ ತಮ್ಮ ಪ್ಯಾಲೆಟ್‌ಗಳನ್ನು ಹಲವರಿಗೆ ಬಾಡಿಗೆಗೆ ಕೊಡುವವರಿಂದ, ಬಾಡಿಗೆಗೆ ತನ್ನಿ. ಬಾಡಿಗೆಯದು ದಿನದ ಲೆಕ್ಕ. ಮೂಲೆಯಲ್ಲಿ ಖಾಲಿ ಬಿದ್ದಿದ್ದರೂ ಮೀಟರ್ ಓಡುತ್ತಲೇ ಇರುತ್ತದೆ, ಕಳೆದರೆ ದಂಡವೂ ಉಂಟು. ಅದನ್ನು ಸ್ವಂತದ್ದರ ಜೊತೆ ಬೆರೆಸದೆ ಬೇರೆಯೇ ಇಡಿ.

ಈಗ ಮರದ ವಿಷಯ. ಬೆಂಗಳೂರಿನ ಸುತ್ತ, ಅಂದರೆ ಪೀಣ್ಯ, ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಕಡೆ ಸಾಮಾನ್ಯವಾಗಿ ಸಿಗುವುದು ಮಲೆನಾಡಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್, ನೀಲಗಿರಿ, ಕೇರಳದ ರಬ್ಬರ್ ಮರ, ಹೊರದೇಶದ ಪೈನ್, ಮತ್ತೆ ಎಲ್ಲ ಬೆರೆಸಿದ ಕಾಡುಮರ. ಒಣಗಿದ ಸಿಲ್ವರ್ ಓಕ್ ಒಳನಾಡಿನ ಓಡಾಟಕ್ಕೆ ಸಾಕಷ್ಟು ಒಳ್ಳೆಯದು. ರಬ್ಬರ್ ಮರ ಗಟ್ಟಿ, ಆದರೆ ಔಷಧಿ ಹೊಡೆಯದಿದ್ದರೆ ಹುಳು ಬೇಗ ಹಿಡಿಯುತ್ತದೆ. ನೀಲಗಿರಿ ಭಾರ ಹೊರುತ್ತದೆ, ಒಣಗುವಾಗ ತಿರುಚಿಕೊಳ್ಳುತ್ತದೆ, ಸೀಳುತ್ತದೆ. ಪ್ಲಾಸ್ಟಿಕ್ ಪ್ಯಾಲೆಟ್ ಗೇಟು ದಾಟದ ಕೆಲಸಕ್ಕೆ ಇರಲಿ: ಕೋಲ್ಡ್ ರೂಮ್, ಆಹಾರ, ಔಷಧಿ, ದಿನಾ ತೊಳೆಯುವ ಜಾಗ. ಅದನ್ನು ರ್ಯಾಕಿಗೆ ಹಾಕುವುದಾದರೆ ನೆಲದ ಮೇಲಿನ ಭಾರ, ಫೋರ್ಕ್ ಮೇಲಿನ ಭಾರ, ರ್ಯಾಕಿನ ಭಾರ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿರುವುದು ನೆಲದ ಮೇಲಿನ ಭಾರ, ಅದೇ ಎಲ್ಲಕ್ಕಿಂತ ದೊಡ್ಡ ಅಂಕಿ. ರ್ಯಾಕಿನಲ್ಲಿ ಎರಡು ಬೀಮ್‌ಗಳ ನಡುವೆ ನೇತಾಡುವ ಪ್ಯಾಲೆಟ್‌ಗೆ ಆ ಅಂಕಿ ನಂಬಿ ಮಾಲು ಹೇರಿದರೆ ನಡು ಬಾಗಿ ಕೆಳಗೆ ಜಾರುತ್ತದೆ.

ಪಿಒದಲ್ಲಿ "1200 x 1000 ವುಡನ್ ಪ್ಯಾಲೆಟ್, 4 ವೇ" (ನಾಲ್ಕೂ ಕಡೆಯಿಂದ ಫೋರ್ಕ್ ತೂರಿಸಬಹುದಾದದ್ದು) ಎಂದಷ್ಟೇ ಬರೆದರೆ ಸಪ್ಲೈಯರ್‌ಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಂತೆ. ಒಂಬತ್ತು ಬ್ಲಾಕಿನ ಪ್ಯಾಲೆಟ್‌ಗೆ ಹೀಗೆ ಬರೆಯಿರಿ:

ಮೇಲಿನ ಹಲಗೆ 7, ಅಳತೆ 1200 x 95 x 18 ಮಿ.ಮೀ.
ಅಡ್ಡ ಹಲಗೆ 3, ಅಳತೆ 1000 x 95 x 18 ಮಿ.ಮೀ.
ಬ್ಲಾಕ್ 9, ಅಳತೆ 95 x 95 x 90 ಮಿ.ಮೀ.
ಕೆಳ ಹಲಗೆ 3, ಅಳತೆ 1200 x 95 x 18 ಮಿ.ಮೀ.

ಒಟ್ಟು ಎತ್ತರ 144 ಮಿ.ಮೀ., ಮೇಲಿನ ಹಲಗೆಗಳ ನಡುವೆ ಸುಮಾರು 56 ಮಿ.ಮೀ. ಸಂದು. ರಟ್ಟಿನ ಪೆಟ್ಟಿಗೆಗೆ ಈ ಸಂದು ನಡೆಯುತ್ತದೆ; ಚೀಲದ ಮಾಲಾದರೆ ಇನ್ನೆರಡು ಹಲಗೆ ಸೇರಿಸಿ, ಇಲ್ಲದಿದ್ದರೆ ಚೀಲ ಸಂದಿನೊಳಗೆ ಇಳಿದು ಹರಿಯುತ್ತದೆ. ಇದರಲ್ಲಿರುವ ಮರ ಸುಮಾರು 33 ಲೀಟರ್, ಅಂದರೆ 1.16 ಘನ ಅಡಿ. ಮರದ ಸಿಎಫ್‌ಟಿ (ಘನ ಅಡಿ) ರೇಟಿಗೆ ಇದನ್ನು ಗುಣಿಸಿ, ಮೊಳೆ, ಕೂಲಿ, ಸಾಗಣೆ ಸೇರಿಸಿದರೆ ಕೊಟೇಶನ್ ನ್ಯಾಯವೋ ಅಲ್ಲವೋ ಐದು ನಿಮಿಷದಲ್ಲಿ ತಿಳಿಯುತ್ತದೆ. ಲೆಕ್ಕಕ್ಕಿಂತ ತೀರಾ ಕೆಳಗಿನ ರೇಟು ಬಂದರೆ ಅಳತೆಯಲ್ಲಿ ಕೈಹಾಕಿದ್ದಾರೆ ಎಂದೇ ತಿಳಿಯಿರಿ.

ಹೆಚ್ಚಾಗಿ ಕೈಹಾಕುವುದು ದಪ್ಪದಲ್ಲಿ. 18ರ ಬದಲು 16 ಮಿ.ಮೀ. ಕೊಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಮರದಲ್ಲಿ ಅವರಿಗೆ ಉಳಿಯುವುದೂ ನೂರಕ್ಕೆ 9ರಷ್ಟು ಮಾತ್ರ. ಹಲಗೆಗೆ ಆಗುವ ಪೆಟ್ಟು ಮಾತ್ರ ಅದಕ್ಕಿಂತ ಎಷ್ಟೋ ದೊಡ್ಡದು. ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಇಳಿಯುವುದರಿಂದ ಹಲಗೆಯ ಬಿಗಿಯಲ್ಲಿ ನೂರಕ್ಕೆ 30 ಪಾಲು ಹೋಗುತ್ತದೆ. ಮುರಿಯದೆ ತಡೆಯುವ ಶಕ್ತಿಯಲ್ಲಿ 21 ಪಾಲು ಹೋಗುತ್ತದೆ. ಲಾಟ್ ಬಂದಾಗ ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು 50ಕ್ಕೆ 5 ಪ್ಯಾಲೆಟ್‌ನಂತೆ ಅಳೆಯಿರಿ. ಅಟ್ಟಿಯ ಮೇಲಿನದನ್ನು ಬಿಟ್ಟು ನಡುವಿನಿಂದ ತೆಗೆಸಿ.

ಜೊತೆಗೆ ತೂಕ ಹಾಕಿ. ಒಣಗಿದ ಸಿಲ್ವರ್ ಓಕ್‌ನಲ್ಲಿ ಈ ಅಳತೆಯ ಪ್ಯಾಲೆಟ್ 18ರಿಂದ 20 ಕೆ.ಜಿ. ಆಸುಪಾಸು ಇರುತ್ತದೆ. 26 ಕೆ.ಜಿ. ತೂಗಿದರೆ ಹೆಚ್ಚಿನದೆಲ್ಲ ನೀರು. ತೇವ ಅಳೆಯುವ ಮಾಯಿಶ್ಚರ್ ಮೀಟರ್‌ನ ಎರಡು ಮೊನೆಗಳನ್ನು ಬ್ಲಾಕಿಗೆ ಚುಚ್ಚಿ ನೋಡಿ. ಹಲಗೆ ಬೇಗ ಒಣಗುತ್ತದೆ, ಸುಳ್ಳು ಹೇಳುತ್ತದೆ. ನೂರಕ್ಕೆ 20ಕ್ಕಿಂತ ಹೆಚ್ಚು ತೋರಿಸಿದರೆ ಲಾಟ್ ವಾಪಸ್. ಹಸಿ ಮರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಸ್ಟ್ರೆಚ್ ಫಿಲ್ಮ್ ಸುತ್ತಿದ ಮೇಲೆ ಆ ತೇವ ಕೆಳಗಿನ ಪೆಟ್ಟಿಗೆಗಳಿಗೆ ಏರಿ ಬೂಷ್ಟು ಕಟ್ಟುತ್ತದೆ. ಬೇಸಿಗೆಯಲ್ಲಿ ಅದೇ ಮರ ಒಣಗಿ ಕುಗ್ಗುತ್ತದೆ, ಮೊಳೆಯ ತಲೆ ಮೇಲೆದ್ದು ಚೀಲ ಹರಿಯುತ್ತದೆ, ಲೋಡರ್‌ಗಳ ಕೈ ಕೊಯ್ಯುತ್ತದೆ.

ಮೊಳೆ ಸುರುಳಿ ಅಥವಾ ಉಂಗುರ ಗೆರೆಯದ್ದೇ ಆಗಬೇಕು. ನುಣುಪು ಮೊಳೆ ಅಲುಗಾಟಕ್ಕೆ ತಾನಾಗಿ ಈಚೆ ಬರುತ್ತದೆ. ಮೇಲಿನ ಹಲಗೆ, ಅಡ್ಡ ಹಲಗೆ ಸೇರಿ 36 ಮಿ.ಮೀ.; ಮೊಳೆ 75 ಮಿ.ಮೀ. ಆದರೂ ಇದ್ದರೆ ಬ್ಲಾಕಿನೊಳಗೆ ಸುಮಾರು 40 ಇಳಿಯುತ್ತದೆ. ಒಂದು ಜೋಡಣೆಗೆ ಎರಡು, ಮೂಲೆಗೆ ಮೂರು, ಓರೆಯಾಗಿ. ಒಂದೇ ಗೆರೆಯಲ್ಲಿ ಹೊಡೆದರೆ ಹಲಗೆ ನಾರಿನುದ್ದಕ್ಕೂ ಸೀಳುತ್ತದೆ. ಬ್ಲಾಕಿನ ನಾರು ಅಡ್ಡಡ್ಡ ಮಲಗಿರಬೇಕು. ನಾರು ಮೇಲ್ಮುಖವಾಗಿ ನಿಂತ ಬ್ಲಾಕಿನಲ್ಲಿ ಮೊಳೆ ಹಿಡಿತ ಕೊಡುವುದಿಲ್ಲ.

ಒಳ್ಳೆಯ ಪ್ಯಾಲೆಟ್ ಹಾಳಾಗುವುದು ಹ್ಯಾಂಡ್ ಪ್ಯಾಲೆಟ್ ಟ್ರಕ್ಕಿನ, ಅಂದರೆ ಪ್ಯಾಲೆಟ್ ಎತ್ತಿ ಕೈಯಿಂದ ಎಳೆಯುವ ಗಾಡಿಯ, ಕೈಯಲ್ಲಿ. ಟ್ರಕ್ಕಿನ ಫೋರ್ಕ್ ಸಾಮಾನ್ಯವಾಗಿ 1150 ಮಿ.ಮೀ. ಉದ್ದ, ತುದಿಯಲ್ಲಿ ಚಿಕ್ಕ ಚಕ್ರ. ಪ್ಯಾಲೆಟ್‌ನ 1000 ಮಿ.ಮೀ. ಅಗಲದ ಮುಖದಿಂದ ತೂರಿಸಿದರೆ ಫೋರ್ಕ್ ಕೆಳ ಹಲಗೆಗಳಿಗೆ ಸಮಾನಾಂತರವಾಗಿ ಅವುಗಳ ನಡುವೆಯೇ ಸಾಗುತ್ತದೆ, ಅಡ್ಡಿ ಇಲ್ಲ. 1200ರ ಮುಖದಿಂದ ತೂರಿಸಿದರೆ ಚಕ್ರ ಕೆಳ ಹಲಗೆಗಳನ್ನು ಹತ್ತಿ ದಾಟಬೇಕು. ಎತ್ತುವಾಗ ಅದು ಕೊನೆಯ ಹಲಗೆಯ ಮೇಲೇ ನಿಂತಿದ್ದರೆ, ಒಂದು ಟನ್ ಮಾಲಿನ ಕೆಳಗೆ ಹಲಗೆಯನ್ನು ನೆಲಕ್ಕೆ ಒತ್ತಿ ಬ್ಲಾಕಿನಿಂದ ಮೊಳೆ ಸಮೇತ ಕೀಳುತ್ತದೆ. ಲಟ್ ಅಂತ ಒಂದು ಸದ್ದು, ಅಷ್ಟೇ. ಕೆಲಸದ ಅವಸರದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದೇ ಪ್ಯಾಲೆಟ್ ಆಮೇಲೆ ರ್ಯಾಕಿನ ನಾಲ್ಕನೇ ಮಟ್ಟಕ್ಕೆ ಹೋಗುತ್ತದೆ. ಹ್ಯಾಂಡ್ ಟ್ರಕ್ 1000ರ ಮುಖದಿಂದ ಮಾತ್ರ ಎಂದು ಬೋರ್ಡ್ ಹಾಕಿ, ಆ ಮುಖದ ಬ್ಲಾಕ್‌ಗಳಿಗೆ ಒಂದು ಬಣ್ಣ ಬಳಿಸಿ. ರ್ಯಾಕಿನಲ್ಲಿ ಇಡುವಾಗಲೂ 1200ರ ಬದಿ ಒಳಮುಖವಾಗಿರಲಿ. ಆಗ ಮೂರೂ ಕೆಳ ಹಲಗೆಗಳು ಎರಡೂ ಬೀಮ್‌ಗಳ ಮೇಲೆ ಅಡ್ಡ ಕೂರುತ್ತವೆ.

ರಿಪೇರಿಗೆ ಒಂದು ಮೂಲೆ, ಒಬ್ಬ ಬಡಗಿ, ಅದೇ ಅಳತೆಯ ಹಲಗೆ-ಬ್ಲಾಕು. ಒಂದೋ ಎರಡೋ ಹಲಗೆ ಹೋಗಿದ್ದರೆ ಬದಲಿಸಿ. ಬ್ಲಾಕ್ ತಿರುಗಿದ್ದರೆ, ಕೆಳ ಹಲಗೆ ಇಲ್ಲದಿದ್ದರೆ ರ್ಯಾಕಿನ ಬಳಕೆಗೆ ಬೇಡ, ರಿಪೇರಿ ಆಗುವವರೆಗೆ ಕೆಂಪು ಗುರುತು ಹಾಕಿ ಪಕ್ಕಕ್ಕಿಡಿ. ಖರ್ಚು ಹೊಸದರ ಬೆಲೆಯ ಅರ್ಧ ದಾಟುವುದಾದರೆ ಬಿಚ್ಚಿ, ಗಟ್ಟಿ ಹಲಗೆಗಳನ್ನು ಬೇರೆ ಪ್ಯಾಲೆಟ್‌ಗೆ ಬಳಸಿ. ಖಾಲಿ ಪ್ಯಾಲೆಟ್ ಅಟ್ಟಿ 12 ದಾಟದಿರಲಿ, ಅಷ್ಟಕ್ಕೇ 1.73 ಮೀಟರ್ ಎತ್ತರ. ಅಟ್ಟಿಯೊಳಗೆ ಗಾಳಿ ಧಾರಾಳ, ಮರ ಒಣದು, ಕಿಡಿ ಬಿದ್ದರೆ ಭುಗಿಲ್ಲನೆ ಹತ್ತುತ್ತದೆ. ಗೋಡೆ, ವೈರಿಂಗ್, ಬ್ಯಾಟರಿ ಚಾರ್ಜಿಂಗ್ ಜಾಗದಿಂದ ದೂರ ಇಡಿ, ಆದರೆ ಮಳೆಗೆ ಬಿಡಬೇಡಿ.

ಗುಜರಿಯಿಂದ ಹಳೆಯ ಪ್ಯಾಲೆಟ್ ಕೊಳ್ಳುವುದರಲ್ಲಿ ತಪ್ಪಿಲ್ಲ, ಯಂತ್ರಗಳ ಜೊತೆ ಬಂದ ಪೈನ್ ಎಷ್ಟೋ ಸಲ ಹೊಸ ಕಾಡುಮರಕ್ಕಿಂತ ಚೆನ್ನಾಗಿರುತ್ತದೆ. ಅಳತೆ ಬೆರೆತಿದ್ದರೆ ಬಿಡಿ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಹುಳು ಒಳಗೇ ಇದೆ. ಎಣ್ಣೆ, ರಾಸಾಯನಿಕದ ಕಲೆ ಇದ್ದದ್ದು, ಎಂಬಿ ಎಂಬ ಗುರುತಿದ್ದದ್ದು ಆಹಾರದ ಹತ್ತಿರ ಬರಬಾರದು. ಅದಕ್ಕೆ ಮಿಥೈಲ್ ಬ್ರೋಮೈಡ್ ಹೊಗೆ ಹಾಕಿರುತ್ತಾರೆ.

ಎಕ್ಸ್‌ಪೋರ್ಟ್‌ಗೆ ಹೋಗುವುದನ್ನು ಬೇರೆಯೇ ಲೆಕ್ಕ ಮಾಡಿ, ಅದು ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ. ಮರದ ಪ್ಯಾಕಿಂಗ್ ಮೂಲಕ ಹುಳು ದೇಶ ದಾಟದಂತೆ ತಡೆಯುವ ಐಎಸ್‌ಪಿಎಂ 15 ಎಂಬ ಅಂತಾರಾಷ್ಟ್ರೀಯ ನಿಯಮದಂತೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಬಿಡದೆ 30 ನಿಮಿಷ ಬೇಯಬೇಕು, ಆಮೇಲೆ ಗೋಧಿ ತೆನೆಯ ಗುರುತಿನ ಜೊತೆ ಐಎನ್ (ಭಾರತ), ಎಚ್‌ಟಿ (ಶಾಖ ಕೊಟ್ಟದ್ದು) ಮುದ್ರೆ ಬೀಳಬೇಕು. ಮುದ್ರೆ ಒತ್ತುವ ಅಧಿಕಾರ ಮಾನ್ಯತೆ ಪಡೆದ ಘಟಕಕ್ಕೆ ಮಾತ್ರ. ಲಾಟ್ ಜೊತೆ ಅವರ ಸರ್ಟಿಫಿಕೇಟ್ ಇಸಿದುಕೊಳ್ಳಿ. ಪ್ಲೈವುಡ್‌ಗೆ ಈ ನಿಯಮ ಇಲ್ಲ, ಹಗುರ ಮಾಲಿಗೆ ಪ್ಲೈವುಡ್ ಪ್ಯಾಲೆಟ್ ಅಗ್ಗ ಬೀಳುತ್ತದೆಯೋ ಲೆಕ್ಕ ಹಾಕಿ. ಮುದ್ರೆಯಿರುವ ಪ್ಯಾಲೆಟ್‌ಗೆ ಗೋಡೌನಿನ ಬಡಗಿ ಸಾದಾ ಹಲಗೆ ಹೊಡೆದರೆ ಆ ಮುದ್ರೆಗೆ ಬೆಲೆ ಇಲ್ಲ, ಆಚೆ ಬಂದರಿನಲ್ಲಿ ಕಂಟೇನರ್ ತಡೆದು ನಿಲ್ಲಿಸಬಹುದು. ಎಕ್ಸ್‌ಪೋರ್ಟ್ ಲಾಟ್‌ನ್ನು ಬೀಗ ಹಾಕಿದ ಜಾಗದಲ್ಲಿ ಇಟ್ಟು, ಕಂಟೇನರ್ ಬಂದ ದಿನ ಎಣಿಸಿ ತೆಗೆಯಿರಿ: 1200 x 1000 ಅಳತೆಯದು 20 ಅಡಿಯ ಕಂಟೇನರ್ ನೆಲಕ್ಕೆ 10 ಹಿಡಿಯುತ್ತವೆ, ಒಂದೆರಡು ಹೆಚ್ಚಿಗೆ ತೆಗೆದಿಟ್ಟುಕೊಂಡರೆ ಲೋಡಿಂಗ್ ನಡುವೆ ಹಲಗೆ ಮುರಿದರೂ ಕೆಲಸ ನಿಲ್ಲುವುದಿಲ್ಲ.