ತೂಕ ಇಳೀತಿಲ್ವಾ? ನಿದ್ದೆ ಕಡೆ ಒಂದ್ಸಲ ನೋಡಿ

ಊಟ ಕಮ್ಮಿ ಮಾಡಿದ್ರೂ ವಾಕಿಂಗ್ ಹೋದ್ರೂ ಹೊಟ್ಟೆ ಕರಗ್ತಿಲ್ಲ ಅನ್ನೋರು ದಯವಿಟ್ಟು ರಾತ್ರಿ ಎಷ್ಟು ಗಂಟೆ ಮಲಗ್ತಿದೀರ ಅಂತ ಲೆಕ್ಕ ಹಾಕಿ. ಕಾರ್ಟಿಸಾಲ್ ಅನ್ನೋ ಸ್ಟ್ರೆಸ್ ಹಾರ್ಮೋನ್ ಬೆಳಿಗ್ಗೆ ಜಾಸ್ತಿ ಇದ್ದು ರಾತ್ರಿ ಹೊತ್ತಿಗೆ ಇಳೀಬೇಕು, ಆದ್ರೆ ದಿನಾ ಟೆನ್ಷನ್ ಮಾಡ್ಕೊಂಡು ನಿದ್ದೆಗೆಟ್ರೆ ಅದು ಸಂಜೆನೂ ಸರಿಯಾಗಿ ಇಳಿಯಲ್ಲ, ಸಿಹಿ ಮತ್ತೆ ಕರಿದಿದ್ದರ ಮೇಲೆ ಆಸೆ ಹುಟ್ಸತ್ತೆ, ಕೊಬ್ಬು ಹೊಟ್ಟೆ ಸುತ್ತಾನೇ ಸೇರ್ಕೊಳತ್ತೆ. 2004ರಲ್ಲಿ ಬಂದ ಒಂದು ಸ್ಟಡಿಲಿ 12 ಜನ ಆರೋಗ್ಯವಂತ ಹುಡುಗರಿಗೆ ಎರಡೇ ರಾತ್ರಿ ಬರೀ 4 ಗಂಟೆ ಮಲಗೋಕೆ ಬಿಟ್ರು, ಹೊಟ್ಟೆ ತುಂಬ್ತು ಅಂತ ಹೇಳೋ ಲೆಪ್ಟಿನ್ ಅನ್ನೋ ಹಾರ್ಮೋನ್ 18% ಇಳೀತು, ಹಸಿವು ಹುಟ್ಸೋ ಗ್ರೆಲಿನ್ ಅನ್ನೋ ಹಾರ್ಮೋನ್ 28% ಏರ್ತು! ಹಾಗಾಗಿ ರಾತ್ರಿ ಏನಾದ್ರೂ ತಿನ್ಬೇಕು ಅನ್ಸೋದನ್ನ ಬರೀ ಬಾಯಿಚಪಲ ಅಂತ ನಿಮ್ಮನ್ನ ನೀವೇ ಬೈಕೋಬೇಡಿ.

ನನ್ ಪ್ರಕಾರ ಮೊದ್ಲು ಏಳೋ ಟೈಮ್ ಫಿಕ್ಸ್ ಮಾಡಿ, ರಜಾ ದಿನನೂ ಅದೇ ಇರ್ಲಿ, ಆಮೇಲೆ ಮಲಗೋ ಟೈಮ್ ತಾನಾಗೇ ದಾರಿಗೆ ಬರತ್ತೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ. 7 ಗಂಟೆಗಿಂತ ಕಮ್ಮಿ ನಿದ್ದೆನೂ ಬೇಡ. ಜೋರಾಗಿ ಗೊರಕೆ ಹೊಡ್ದು ಉಸಿರು ಕಟ್ಟಿ ಎಚ್ಚರ ಆಗೋರು ಮಾತ್ರ ಡಾಕ್ಟರ್ ಹತ್ರ ಹೋಗ್ಲೇಬೇಕು, ಅದು ಸ್ಲೀಪ್ ಆಪ್ನಿಯಾ (ನಿದ್ದೆಲಿ ಪದೇ ಪದೇ ಉಸಿರು ನಿಲ್ಲೋ ತೊಂದ್ರೆ) ಇರ್ಬೋದು, ಬೇಗ ಮಲಗಿದ್ರೆ ಹೋಗೋದಲ್ಲ ಅದು.