ಮೆಕ್ಕೆಜೋಳದ ಲದ್ದಿ ಹುಳು ಹುಡುಕೋಕೆ ನಾನು ಡ್ರೋನ್ ಬಳಸೋ ರೀತಿ

ನಮ್ದು ರಾಣೆಬೆನ್ನೂರು ಕಡೆ, ಮುಂಗಾರಿಗೆ ಮೆಕ್ಕೆಜೋಳನೇ. ಫಾಲ್ ಆರ್ಮಿವರ್ಮ್, ನಾವು ಲದ್ದಿ ಹುಳು ಅಂತೀವಲ್ಲ, ಅದು ದೇಶದಲ್ಲೇ ಮೊದಲು ಸಿಕ್ಕಿದ್ದು 2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಹುಳು ಸಣ್ಣದಿದ್ದಾಗ ಎಲೆ ಮೇಲೇ ಕೆರ್ಕೊಂಡು ತಿಂತಿರುತ್ತೆ, ಆಗ ಔಷಧಿ ಹೊಡೆದ್ರೆ ಸಾಯುತ್ತೆ, ಬಲಿತು ಸುಳಿಯೊಳಗೆ ಇಳಿದು ಮೇಲೆ ಹಿಕ್ಕೆ ತುಂಬ್ಕೊಂಡು ಕೂತ್ರೆ ಎಷ್ಟು ಹೊಡೆದ್ರೂ ಒಳಗೆ ಹೋಗಲ್ಲ. ಹಂಗಾಗಿ ಬೇಗ ಹುಡುಕೋದೇ ಮುಖ್ಯ.

ನನ್ನ ಹತ್ರ ಇರೋದು 250 ಗ್ರಾಂ ಒಳಗಿನ ನ್ಯಾನೋ ಡ್ರೋನ್, ಇದಕ್ಕೆ ಪೈಲಟ್ ಲೈಸೆನ್ಸ್ ಬೇಕಿಲ್ಲ, ಆದ್ರೆ ಹೊಲ ಹಸಿರು ವಲಯದಲ್ಲಿದ್ಯಾ, ಅಂದ್ರೆ ಅನುಮತಿ ಕೇಳದೆ ಡ್ರೋನ್ ಹಾರಿಸಬಹುದಾದ ಜಾಗನಾ ಅಂತ ಮೊದ್ಲು ಸರ್ಕಾರದ ಡ್ರೋನ್ ಮ್ಯಾಪ್ ನೋಡ್ಲೇಬೇಕು. ಬೆಳಿಗ್ಗೆ ಇಬ್ಬನಿ ಆರಿದ್ಮೇಲೆ, ಗಾಳಿ ಏಳೋಕ್ ಮುಂಚೆ ಹಾರಿಸ್ತೀನಿ, ಎಲೆ ಒದ್ದೆ ಇದ್ರೆ ಫೋಟೋ ಹೊಳೆಯುತ್ತೆ, ಗಾಳಿ ಇದ್ರೆ ಎಲೆ ಅಲ್ಲಾಡಿ ಏನೂ ಕಾಣಲ್ಲ.

ಇಲ್ಲೊಂದು ಮಾತು. ಮೇಲಿಂದ ಹುಳು ಕಾಣುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಕಾಣೋದು ಬಣ್ಣಗೆಟ್ಟ, ಬೆಳವಣಿಗೆ ಕುಂಟಿದ ಜಾಗ ಅಷ್ಟೇ, ಅದು ನೀರು ನಿಂತೋ ಸತು ಕಮ್ಮಿಯಾಗಿಯೋ ಆಗಿರಬಹುದು. ಡ್ರೋನ್ ತೋರಿಸೋದು ಮೊದ್ಲು ಎಲ್ಲಿಗೆ ಹೋಗ್ಬೇಕು ಅಂತ. ಆ ಜಾಗಕ್ಕೆ ನಡ್ಕೊಂಡು ಹೋಗಿ ಬಗ್ಗಿ ಸುಳಿ ಬಿಡಿಸಿ ನೋಡ್ಬೇಕು: ಒದ್ದೆ ಕಟ್ಟಿಗೆ ಹೊಟ್ಟಿನ ಥರ ಹಿಕ್ಕೆ, ಹುಳದ ತಲೆ ಮೇಲೆ ಉಲ್ಟಾ ವೈ ಗುರುತು, ಬಾಲದ ಹತ್ರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಇಷ್ಟಿದ್ರೆ ಅದೇ ಹುಳು.

ಫೋಟೋ ನೋಡಿ ಕೀಟ ಗುರುತಿಸೋ ಎಐ ಆ್ಯಪ್ ನನಗೆ ಉಪಯೋಗಕ್ಕೆ ಬರೋದು ಇಲ್ಲೇ. ಕೇಂದ್ರ ಸರ್ಕಾರದ್ದೇ ಎನ್‌ಪಿಎಸ್‌ಎಸ್ (ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆ) ಅಂತ 2024ರ ಆಗಸ್ಟ್‌ನಲ್ಲಿ ಶುರುವಾಗಿದೆ, ಖಾಸಗಿಯವೂ ಇವೆ. ದೂರದಿಂದ ಇಡೀ ಗಿಡದ ಫೋಟೋ ಕೊಟ್ರೆ ಯಾವ ಆ್ಯಪ್ ಆದ್ರೂ ಪೋಷಕಾಂಶ ಕೊರತೆ ಅಂತ ಹೇಳಿಬಿಡಬಹುದು, ಹುಳನ ಅಂಗೈ ಮೇಲೆ ಇಟ್ಕೊಂಡು ತಲೆ ಕಾಣೋ ಹಂಗೆ ಹತ್ರದಿಂದ ತೆಗೀರಿ, ಆಗ ಉತ್ತರ ಸರಿ ಬರೋ ಸಾಧ್ಯತೆ ಜಾಸ್ತಿ. ಅನುಮಾನ ಇದ್ರೆ ಅದೇ ಫೋಟೋನ ಕೃಷಿ ವಿಜ್ಞಾನ ಕೇಂದ್ರದವರಿಗೆ ಕಳ್ಸಿ, ಆ್ಯಪ್ ಮಾತು ಕೇಳಿ ನೇರ ಗೊಬ್ಬರದಂಗಡಿಗೆ ಓಡ್ಬೇಡಿ.

ಖಾತ್ರಿ ಆದ್ಮೇಲೆ ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್ 5% ಎಸ್‌ಜಿ ಅನ್ನೋ ಕೀಟನಾಶಕ ಬೆರೆಸಿ ಸಂಜೆ ಹೊತ್ತು ಸುಳಿಯೊಳಗೇ ಬೀಳೋ ಹಂಗೆ ಹೊಡೆಸ್ತೀನಿ, ಹುಳು ಬಿದ್ದಿರೋ ಜಾಗ ಮತ್ತೆ ಸುತ್ತಲಿನ ಸಾಲಿಗೆ ಮಾತ್ರ, ಇಡೀ ಹೊಲಕ್ಕಲ್ಲ. ಗಿಡ ಎದೆಮಟ್ಟ ಬಂದು ಸೂಲಂಗಿ (ತುದಿಯ ಹೂ) ಬಿಟ್ಮೇಲೆ ಡ್ರೋನ್ ಕೆಲ್ಸ ಮುಗೀತು, ಆಮೇಲೆ ತೆನೆ ಕೈಯಲ್ಲೇ ಬಿಡಿಸಿ ನೋಡ್ಬೇಕು.